ಅಜ್ಜಿಯರ ಕೋಣೆ

ಸೆಪ್ಟೆಂಬರ್ 1, ಸೋಮವಾರ

ಮಧ್ಯಾಹ್ನ ಮೂರಕ್ಕೆ ಅಕ್ಕನ ಮನೆ ತಲುಪಿದೆ. ಈ ಹೊಸ್ತಿಲು ತುಳಿದು ಒಂಬತ್ತು ವರ್ಷವಾಗಿತ್ತು. ಅಕ್ಕನ ಮಗಳು ಫೋನಿನಲ್ಲಿ ಅಷ್ಟೊಂದು ಬೇಡಿಕೊಳ್ಳದಿದ್ದರೆ ಇನ್ನೊಂದು ಒಂಬತ್ತು ವರ್ಷವೂ ಹಾಗೇ ಕಳೆದುಹೋಗುತ್ತಿತ್ತೇನೋ. ಅಕ್ಕ ಹಾಲಿನ ಕೋಣೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದು ಬಲಗೈ ಮೂಳೆಯನ್ನು ಎರಡು ಕಡೆ ಮುರಿದುಕೊಂಡಿದ್ದಾಳೆ. ಮಗಳಿಗೆ ಎಂಟನೇ ತಿಂಗಳು, ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದಾರೆ. "ಚಿಕ್ಕಮ್ಮ, ಒಂದು ವಾರ ಸಾಕು. ಅಮ್ಮನ್ನ ನೋಡ್ಕೊಳ್ಳಿ ಅಂತಲ್ಲ, ಅಮ್ಮನ ಚೀಸ್ ನೋಡ್ಕೊಳ್ಳಿ. ಅಮ್ಮ ಹೇಗೋ ಬದುಕ್ಕೋತಾಳೆ, ಅವು ಬದುಕಲ್ಲ" ಎಂದಳು.

ಅಕ್ಕ ಕತ್ತಿಗೆ ತೂಗುಹಾಕಿದ ಪಟ್ಟಿಯಲ್ಲಿ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. "ಬಂದ್ಯಾ ಗುಬ್ಬಿ" ಎಂದಳು, ಬೆಳಿಗ್ಗೆ ಪೇಟೆಗೆ ಹೋಗಿ ಬಂದವಳನ್ನು ಕೇಳುವ ಹಾಗೆ. ಐವತ್ತೆಂಟು ವರ್ಷದ, ಎಂಬತ್ತು ಕಿಲೋ ತೂಗುವ ಗುಬ್ಬಿ ನಾನು. ಹೂಂ ಎಂದೆ. ಅಲ್ಲಿಗೆ ಮಾತು ಮುಗಿಯಿತು.

ಮನೆ ತುಂಬ ಒಂದೇ ವಾಸನೆ. ನೆನೆದ ರಟ್ಟು, ಅಣಬೆ, ಹಳೆ ನೆಲಮಾಳಿಗೆ. ಮೂವತ್ತೊಂದು ವರ್ಷ ಹಳೆ ದಾಖಲೆಗಳ ಕಚೇರಿಯಲ್ಲಿ ಹರಿದ ಕಾಗದಕ್ಕೆ ತೇಪೆ ಹಾಕಿದವಳು ನಾನು. ಈ ವಾಸನೆ ಬಂತೆಂದರೆ ಎಲ್ಲೋ ಕೊಳಾಯಿ ಸೋರಿದೆ, ಯಾವುದೋ ನೂರು ವರ್ಷದ ಪತ್ರ ಬೂಷ್ಟು ಹಿಡಿದು ಸಾಯುತ್ತಿದೆ ಎಂದೇ ಅರ್ಥ. ಕೈ ತಾನಾಗಿ ಬ್ರಷ್ ಹುಡುಕಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದೆವು. ಅವಳು ಬೂಷ್ಟು ಬೆಳೆಸಿ ಬದುಕಿದಳು, ನಾನು ಬೂಷ್ಟು ಒರೆಸಿ ಬದುಕಿದೆ.

ಕಚೇರಿಯಲ್ಲಿ ದಿನವೂ ಕೆಲಸದ ಟಿಪ್ಪಣಿ ಬರೆದ ಅಭ್ಯಾಸ. ಜೂನ್‌ನಲ್ಲಿ ನಿವೃತ್ತಿಯಾಯಿತು, ಕೈಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೆ ಇದು. ಮುಂದಿನ ಸೋಮವಾರ ಹೊರಡುವುದು.

ಸೆಪ್ಟೆಂಬರ್ 2, ಮಂಗಳವಾರ

ಆರಕ್ಕೇ ಅಕ್ಕ ಎಬ್ಬಿಸಿದಳು. ಹಾಲಿನ ಕೋಣೆ ದಾಟಿ ಮೂರು ಮೆಟ್ಟಿಲಿಳಿದರೆ ಚೀಸ್ ಮಾಗಿಸುವ ಕೋಣೆ. ಕಿಟಕಿಯಿಲ್ಲ. ಕಲ್ಲಿನ ಗೋಡೆ, ತಣ್ಣನೆಯ ತೇವ, ಗೋಡೆಯುದ್ದಕ್ಕೂ ಮರದ ಹಲಗೆಗಳು. ಅವುಗಳ ಮೇಲೆ ಸಾಲಾಗಿ ಎಂಬತ್ತಾರು ಚೀಸ್. ಒಂದೊಂದೂ ಅಂಗೈಯಗಲ, ಎರಡು ಬೆರಳು ದಪ್ಪ. ಹೊಸವು ಬೆಣ್ಣೆಯ ಬಣ್ಣಕ್ಕಿವೆ. ಹಳೆಯವುಗಳ ಮೈಮೇಲೆ ಬಿಳಿ ತುಪ್ಪಳ, ಅದರಡಿ ಸುಕ್ಕುಗಟ್ಟಿದ ಚರ್ಮ. ಆ ಸುಕ್ಕು, ಆ ನರೆ ನೋಡಿ ಊರಿನವರು ಇವಕ್ಕೆ 'ಅಜ್ಜಿ' ಎಂದು ಹೆಸರಿಟ್ಟಿದ್ದಾರಂತೆ. ಅಂಗಡಿಗೆ ಹೋಗಿ "ಎರಡು ಅಜ್ಜಿ ಕೊಡಿ" ಎಂದೇ ಕೇಳುತ್ತಾರಂತೆ. ಇವಲ್ಲದೆ ಮೂಲೆಯ ಕಪಾಟಿನಲ್ಲಿ ನಾಲ್ಕು ದೊಡ್ಡ ನೀಲಿ ಚೀಸ್. "ಅದು ನಿನಗೆ ಆಮೇಲೆ" ಎಂದಳು ಅಕ್ಕ, ಚಿಕ್ಕಂದಿನಲ್ಲಿ ತನ್ನ ಬಣ್ಣದ ಪೆಟ್ಟಿಗೆ ಮುಟ್ಟಗೊಡದೆ ಹೇಳುತ್ತಿದ್ದ ದನಿಯಲ್ಲೇ.

ದಿನಕ್ಕೊಮ್ಮೆ ಎಲ್ಲವನ್ನೂ ಮಗುಚಿಹಾಕಬೇಕು, ಇಲ್ಲದಿದ್ದರೆ ನೀರು ಕೆಳಗಿಳಿದು ಅಡಿ ಕೊಳೆಯುತ್ತದೆ. ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಗುಚಿದೆ. ಕಳ್ಳತನಕ್ಕೆ ಬಂದವಳ ಹಾಗೆ ಕಾಣುತ್ತೀಯ ಎಂದಳು.

ಬೂಷ್ಟಿನ ಬೀಜ ಎಲ್ಲಿ ಕೊಳ್ಳುತ್ತೀಯ ಎಂದು ಕೇಳಿದೆ. "ಕೊಳ್ಳೋದೇನು? ಇಲ್ಲೇ ಇದೆಯಲ್ಲ" ಎಂದು ಹಲಗೆ ತಟ್ಟಿ ತೋರಿಸಿದಳು. ಎಂಥ ಹಲಗೆಗಳು ಅವು. ಕಪ್ಪಾಗಿ, ಜಿಡ್ಡುಗಟ್ಟಿ, ಇಪ್ಪತ್ಮೂರು ವರ್ಷದಿಂದ ಸೋಪಿನ ಮುಖ ಕಂಡಿಲ್ಲ. ಜನ ತಿನ್ನುವ ಪದಾರ್ಥ ಇಡುವ ಜಾಗ.

ಸೆಪ್ಟೆಂಬರ್ 4, ಗುರುವಾರ

ಇವತ್ತು ಮನಸ್ಸಿಗೆ ತೃಪ್ತಿಯಾಗುವಷ್ಟು ಕೆಲಸ ಮಾಡಿದೆ.

ದಿನವೂ ಹಾಲು ತರುವ ಹೆಂಗಸು ತನ್ನ ಗಾಡಿಯಲ್ಲಿ ಅಕ್ಕನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು. ಐದು ಗಂಟೆ ನಾನೊಬ್ಬಳೇ. ಸುಮ್ಮನೆ ಕೂರುವ ಜಾತಿಯಲ್ಲ ನನ್ನದು. ಹಂಡೆಯಲ್ಲಿ ನೀರು ಕಾಯಿಸಿ, ಸೋಡಾ ಕಲಸಿ, ಒಂದೊಂದೇ ಹಲಗೆ ಇಳಿಸಿ ತಿಕ್ಕಿದೆ. ತೊಳೆದ ನೀರು ಕಾಫಿಯ ಹಾಗೆ ಹರಿಯಿತು. ಬಿಸಿಲಿಗೆ ಒಣಗಿಸಿ ಸ್ಪಿರಿಟ್ಟಿನಲ್ಲಿ ಎರಡು ಸಲ ಒರೆಸಿದೆ. ಗೋಡೆಯನ್ನೂ ಬಿಡಲಿಲ್ಲ. ಅಕ್ಕ ಬಿದ್ದಾಗಿನಿಂದ ನೋಡಿಕೊಳ್ಳುವವರಿಲ್ಲದೆ ಚೀಸ್ ಮೇಲಿನ ತುಪ್ಪಳ ಮಿತಿಮೀರಿ ಬೆಳೆದಿತ್ತು. ಎಂಬತ್ತಾರನ್ನೂ ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಿ, ಉಪ್ಪು-ವಿನಿಗರಿನ ಬಟ್ಟೆಯಲ್ಲಿ ಒರೆಸಿಟ್ಟೆ. ಚರ್ಮದ ಹೊದಿಕೆಯ ಹಳೆ ಪುಸ್ತಕಗಳಿಗೆ ಮಾಡುತ್ತಿದ್ದದ್ದೂ ಇದನ್ನೇ. ಎಲ್ಲ ಮುಗಿದಾಗ ಕೋಣೆ ಆಸ್ಪತ್ರೆಯ ಹಾಗೆ ಹೊಳೆಯುತ್ತಿತ್ತು.

ಅಕ್ಕ ಬಂದು ಮೆಟ್ಟಿಲಿಳಿದಳು. ಬಾಗಿಲ ಬಳಿಯೇ ನಿಂತಳು. ಒಂದು ಹಲಗೆಗೆ ಮೂಗು ತಾಗಿಸಿ ವಾಸನೆ ನೋಡಿದಳು. ಆಮೇಲೆ ಸ್ಟೂಲಿನ ಮೇಲೆ ಕೂತಳು.

"ತುಂಬ ಚೊಕ್ಕಟವಾಗಿದೆ ಗುಬ್ಬಿ" ಎಂದಳು.

ಅವಳ ಬಾಯಿಂದ ಒಳ್ಳೆ ಮಾತು ಕೇಳಿ ಎಷ್ಟು ಕಾಲವಾಗಿತ್ತು. ಕೈ ನೋಯುತ್ತಿರಬೇಕು, ಊಟ ಮಾಡದೆ ಮಲಗಿದ್ದಾಳೆ.

ಸೆಪ್ಟೆಂಬರ್ 6, ಶನಿವಾರ

ಹಾಲಿನಾಕೆ ಕ್ಯಾನ್ ಇಳಿಸಿ ಕೋಣೆಗೆ ಇಣುಕಿದವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಯಾರು ಮಾಡಿದ್ದು ಎಂದಳು. ಹೆಮ್ಮೆಯಿಂದ ನಾನೇ ಎಂದೆ.

ಆ ಬಿಳಿ ಬೂಷ್ಟು ಎಲ್ಲೂ ಮಾರಾಟಕ್ಕೆ ಸಿಗುವುದಲ್ಲವಂತೆ. ಆ ಹಲಗೆಗಳಲ್ಲಿ, ಆ ಗೋಡೆಯಲ್ಲಿ ತಾನಾಗಿ ನೆಲೆಯೂರಿದ್ದಂತೆ. ಹೊಸ ಚೀಸ್ ಇಟ್ಟರೆ ಹಲಗೆಯಿಂದ ಅದಕ್ಕೆ ಹತ್ತಿಕೊಳ್ಳುತ್ತಿತ್ತಂತೆ. ಮೊಸರಿಗೆ ನಿನ್ನೆಯ ಮೊಸರಿನ ಹೆಪ್ಪು ಇದ್ದ ಹಾಗೆ, ಅಕ್ಕನ ಇಪ್ಪತ್ಮೂರು ವರ್ಷದ ಹೆಪ್ಪು ಅದು.

"ಬೆಣ್ಣೆ ಬರೋ ಹೊತ್ತಿಗೆ ಮಡಕೆ ಒಡೆದ ಹಾಗಾಯ್ತಲ್ಲಮ್ಮ" ಎಂದಳು.

ಬರೆಯುವುದಕ್ಕೆ ಏನೂ ಇಲ್ಲ.

ಸೆಪ್ಟೆಂಬರ್ 7, ಭಾನುವಾರ

ಬೆಳಿಗ್ಗೆ ಅಕ್ಕನ ಎದುರು ಹೋಗಿ ನಿಂತೆ. ಬೈ ಎಂದೆ. ಅವಳು ಎಡಗೈಯಲ್ಲಿ ರೊಟ್ಟಿಗೆ ಬೆಣ್ಣೆ ಸವರಲು ಹೆಣಗುತ್ತಿದ್ದಳು.

"ಕೂಗಾಡಿದರೆ ವಾಪಸ್ ಬರುತ್ತಾ ಅದು?"

"ಅವತ್ತೇ ಯಾಕೆ ಹೇಳಲಿಲ್ಲ?"

"ನಿನ್ನ ಮುಖ ನೋಡಿದೆ. ಅಮ್ಮನಿಗೆ ಮಾರ್ಕ್ಸ್ ಕಾರ್ಡ್ ತೋರಿಸೋಕೆ ಓಡಿಬರ್ತಿದ್ದೆಯಲ್ಲ, ಹಾಗಿತ್ತು."

ಅವಳು ಅಮ್ಮನ ಹೆಸರೆತ್ತಬಾರದಿತ್ತು. ಒಂಬತ್ತು ವರ್ಷದ ಹಿಂದೆ ಅಮ್ಮ ನನ್ನ ಮನೆಯಲ್ಲಿ ಹಾಸಿಗೆ ಹಿಡಿದು ಮೂರು ವಾರವಿದ್ದಳು. ಕೊನೆಯ ದಿನ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಈಗಲೇ ಹೊರಡು ಎಂದೆ. ಹಾಲಿಗೆ ಹೆಪ್ಪು ಹಾಕಿಯಾಗಿದೆ, ಅಚ್ಚಿಗೆ ತುಂಬಿ ಸಂಜೆ ಬಸ್ಸಿಗೆ ಬರುತ್ತೇನೆ ಎಂದಳು. ಅಮ್ಮ ಮಧ್ಯಾಹ್ನ ಎರಡಕ್ಕೆ ಹೋದಳು. ಬಾಗಿಲ ಕಡೆ ಮುಖ ಮಾಡಿಕೊಂಡೇ ಹೋದಳು. ಅದಾದ ಮೇಲೆ ಅಕ್ಕನ ಜೊತೆ ನಾನು ಮಾತು ಬಿಟ್ಟೆ.

ಹಾಳು ಮಾಡಿ ಓಡಿಹೋಗುವುದು ಸರಿಯಲ್ಲ ಅನ್ನಿಸಿತು. ಹೊಸದಾಗಿ ಒಂದು ಸರದಿ ಮಾಡಿ ನೋಡೋಣ, ಬೂಷ್ಟು ತಾನಾಗಿ ಮರಳಿದರೂ ಮರಳೀತು ಎಂದಳು ಅಕ್ಕ. ಸರಿ ಎಂದೆ. ಇನ್ನೆರಡು ವಾರ.

ಸೆಪ್ಟೆಂಬರ್ 11, ಗುರುವಾರ

ಅವಳ ಬಾಯಿ, ನನ್ನ ಕೈ. ಹಾಲನ್ನು ಬೆರಳಿಗೆ ಹಿತವಾಗುವಷ್ಟು ಬಿಸಿ ಮಾಡಿ ಹೆಪ್ಪು ಬೆರೆಸಿದೆ. ಗಟ್ಟಿಯಾಗಿಸುವ ಹನಿಗಳನ್ನು ಹಾಕಿ ಕಾದೆ. ಗಡ್ಡೆ ಕಟ್ಟಿದ ಮೇಲೆ ಅಕ್ಕ ಬೆರಳು ಅದ್ದಿ ಎತ್ತಿದಳು. ಗಡ್ಡೆ ಗಾಜಿನ ಹಾಗೆ ನೇರ ಸೀಳಿತು. ಈಗ ಎಂದಳು. ಸೌಟಿನಲ್ಲಿ ಎತ್ತಿ ತೂತಿನ ಅಚ್ಚುಗಳಿಗೆ ತುಂಬಿದೆ. ರಭಸ ಮಾಡಿದರೆ ಒಡೆಯುತ್ತದೆ, ನಿಧಾನ ಮಾಡಿದರೆ ಹುಳಿಯಾಗುತ್ತದೆ. ನಡುವೆ ಒಂದು ನಿಮಿಷವೂ ಬಿಟ್ಟು ಏಳುವ ಹಾಗಿಲ್ಲ. ಮೂರು ಗಂಟೆ ಸೊಂಟ ಬಗ್ಗಿಸಿಯೇ ಇದ್ದೆ.

ಹಾಲೊಡಕು ನೀರು ತೊಟ್ಟಿಕ್ಕುವ ಸದ್ದು ಚೆನ್ನಾಗಿರುತ್ತದೆ.

ಸೆಪ್ಟೆಂಬರ್ 20, ಶನಿವಾರ

ಕಪ್ಪು ಕೂದಲು ಬಂತು. ಬಿಳಿ ಅಲ್ಲ. ಬೆಕ್ಕಿನ ಬೆನ್ನಿನ ಹಾಗೆ ನೆಟ್ಟಗೆ ನಿಂತ ಬೂದು-ಕಪ್ಪು ಕೂದಲು, ಮೂವತ್ತೊಂದು ಚೀಸ್ ಮೇಲೂ. ಖಾಲಿ ಮನೆಗೆ ಯಾರು ಮೊದಲು ನುಗ್ಗುತ್ತಾರೋ ಅವರದ್ದೇ ಮನೆ ಎಂದಳು ಅಕ್ಕ. ನಾನು ಉಜ್ಜಿಟ್ಟ ಹಳೆಯವೂ ಲೋಳೆಗಟ್ಟಿ ಹಾಳಾಗಿದ್ದವು. ತೋಟದ ಮೂಲೆಯಲ್ಲಿ ಗುಂಡಿ ತೋಡಿ ಎಲ್ಲವನ್ನೂ ಹೂತೆವು. ಹಾಲಿನಾಕೆ ಮಣ್ಣೆಳೆದಳು.

ಅಂಗಡಿಯವರು ಫೋನ್ ಮಾಡಿದ್ದರು: ಅಜ್ಜಿಯರು ಯಾವಾಗ ಬರುತ್ತಾರೆ, ಗಿರಾಕಿಗಳು ಕೇಳುತ್ತಿದ್ದಾರೆ. ಅಕ್ಕ "ಅಜ್ಜಿಯರಿಗೆ ಮೈ ಸರಿಯಿಲ್ಲ" ಎಂದು ಫೋನಿಟ್ಟಳು.

ಸೆಪ್ಟೆಂಬರ್ 22, ಸೋಮವಾರ

ಊಟ ಸೇರುತ್ತಿಲ್ಲ ಎಂದು ತಟ್ಟೆ ಪಕ್ಕಕ್ಕೆ ಸರಿಸಿದ್ದೆ. ಅಕ್ಕ ಕಪಾಟಿನಿಂದ ಒಂದು ನೀಲಿ ಚೀಸ್ ಇಳಿಸಲು ಹೇಳಿದಳು. ಅದರ ಬೂಷ್ಟು ಒಳಗಿರುವುದರಿಂದ ನನ್ನ ಬ್ರಷ್ಷಿಗೆ ಸಿಕ್ಕಿರಲಿಲ್ಲ. ತಂತಿಯಲ್ಲಿ ಎರಡು ಹೋಳು ಮಾಡಿದೆ.

ದಂತದ ಬಣ್ಣದ ಮೈ. ಅದರೊಳಗೆ ನೀಲಿ, ಹಸಿರು-ನೀಲಿ, ಮಸಿಯ ನೀಲಿ ಗೆರೆಗಳು ಹಳೆ ನಕ್ಷೆಯ ನದಿಗಳ ಹಾಗೆ ಕವಲೊಡೆದು ಹರಿದಿದ್ದವು. ನಡುನಡುವೆ ನೇರವಾದ ಗೆರೆ: ಅಕ್ಕ ದಬ್ಬಳದಲ್ಲಿ ಚುಚ್ಚಿದ ದಾರಿ. ಬೂಷ್ಟಿಗೂ ಉಸಿರು ಬೇಕು. ಗಾಳಿ ಹೋದ ದಾರಿಯಲ್ಲೆಲ್ಲ ನೀಲಿ ಅರಳುತ್ತದೆ. ನನ್ನ ಪೆಟ್ಟಿಗೆಯಲ್ಲೂ ಅಂಥದ್ದೇ ದಬ್ಬಳವಿದೆ, ಪುಸ್ತಕ ಹೊಲಿಯಲು. ನಾವಿಬ್ಬರೂ ಒಂದೇ ಸಾಮಾನು ಬಳಸುತ್ತೇವೆಂದು ಗೊತ್ತಿರಲಿಲ್ಲ.

ತಿನ್ನು ಎಂದಳು. ಐವತ್ತೆಂಟು ವರ್ಷ ತಿಂದಿರಲಿಲ್ಲ. ಉಗುರಿನಷ್ಟು ಬಾಯಿಗೆ ಹಾಕಿಕೊಂಡೆ. ಮೊದಲು ಉಪ್ಪು. ಆಮೇಲೆ ನಾಲಿಗೆಯ ಪಕ್ಕಕ್ಕೆ ಕರಿಮೆಣಸಿನಂಥ ಚುರುಕು, ಮೂಗಿನವರೆಗೆ ಏರಿತು. ಉಗಿಯಬೇಕು ಎನ್ನುವಷ್ಟರಲ್ಲಿ ಕೆನೆ ಬಂತು, ದಟ್ಟವಾಗಿ, ಸಿಹಿಯಾಗಿ, ಆ ಚುರುಕನ್ನೆಲ್ಲ ತಬ್ಬಿಕೊಂಡು ಮಲಗಿಸಿತು. ಕಣ್ಣಲ್ಲಿ ನೀರು ತುಂಬಿತು, ಉಪ್ಪಿಗಿರಬೇಕು. ಸರಿಯಾಗಿ ತಿಳಿಯಲಿಲ್ಲವೆಂದು ಇನ್ನೊಂದು ತುಂಡು ತಿಂದೆ. ಖಚಿತಪಡಿಸಿಕೊಳ್ಳಲು ಮೂರನೆಯದು.

"ಊಟ ಸೇರಲ್ಲ ಅಂದೆಯಲ್ಲ" ಎಂದಳು ಅಕ್ಕ.

ಜೇನು ಹಾಕಿಕೊಂಡು ತಿಂದರೆ ಬೇರೆಯದೇ ರುಚಿಯಂತೆ. ಹೌದು, ಬೇರೆಯದೇ.

ಸೆಪ್ಟೆಂಬರ್ 27, ಶನಿವಾರ

ಎಲ್ಲಾದರೂ ಒಂದೇ ಒಂದು ಹಳೆ ಅಜ್ಜಿ ಜೀವಂತವಾಗಿ ಉಳಿದಿದ್ದರೆ ಸಾಕು, ಅದರ ಸಿಪ್ಪೆಯಿಂದ ಮತ್ತೆ ಕೋಣೆ ತುಂಬಿಸಬಹುದು ಎಂದು ಅಕ್ಕ ನಾಲ್ಕು ದಿನದಿಂದ ಹೇಳುತ್ತಿದ್ದಳು. ಅಂಗಡಿಗಳಲ್ಲಿ ಇರಲಿಲ್ಲ. ಪರಿಚಯದ ಮನೆಗಳಲ್ಲೂ ಇರಲಿಲ್ಲ. ಅಜ್ಜಿಯನ್ನು ತಂದ ದಿನವೇ ಮುಗಿಸುವವರೇ ಎಲ್ಲ. ಇವತ್ತು ಹಾಲಿನಾಕೆಗೆ ಥಟ್ಟನೆ ನೆನಪಾಯಿತು: ಗಡಿಯಾರ ರಿಪೇರಿ ಮಾಡುವ ಮುದುಕರು ಒಂದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ತಿನ್ನುತ್ತಾರೆ.

ನಡೆದೇ ಹೋದೆ. ಅಂಗಡಿ ತುಂಬ ಗಡಿಯಾರ, ಒಂದೂ ಓಡುತ್ತಿರಲಿಲ್ಲ. ಓಡುವವು ಒಡೆಯರ ಮನೆ ಸೇರಿವೆ, ಇಲ್ಲಿರುವವರೆಲ್ಲ ರೋಗಿಗಳು ಎಂದು ಅವರೇ ವಿವರಿಸಿದರು. ಎಂಬತ್ತರ ಹತ್ತಿರದ ವಯಸ್ಸು, ಒಂದು ಕಣ್ಣಿಗೆ ಕಪ್ಪು ದುರ್ಬೀನು. ನಾನು ಯಾರೆಂದು ಹೇಳಿದೆ, ಮಾಡಿದ್ದನ್ನೂ ಹೇಳಿದೆ. ಬಚ್ಚಿಟ್ಟು ಕೇಳುವ ವಿಷಯವಾಗಿರಲಿಲ್ಲ. ಎಂಬತ್ತಾರು ಎಂದಾಗ ಅವರು ದುರ್ಬೀನು ತೆಗೆದು ಮೇಜಿನ ಮೇಲಿಟ್ಟರು.

ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಯ ಕೆಳಗಿನ ತಣ್ಣನೆಯ ಕಲ್ಲಿನ ಮೇಲೆ ಒಂದು ಗಾಜಿನ ಗುಮ್ಮಟ, ಮೇಜಿನ ಗಡಿಯಾರಕ್ಕೆ ಮುಚ್ಚುವಂಥದ್ದು. ಅದರಡಿ ಏಪ್ರಿಲ್ ತಿಂಗಳ ಅಜ್ಜಿ. ಅರ್ಧಕ್ಕೆ ಕುಗ್ಗಿತ್ತು. ಸುಕ್ಕಿನ ಮೇಲೆ ಸುಕ್ಕು, ಆ ಸುಕ್ಕಿನ ಸಂದಿನಲ್ಲೆಲ್ಲ ಬಿಳಿ, ಬೂದಿ, ಎಳೆ ನೀಲಿ. ನಾನು ಮಂಡಿಯೂರಿ ಕೂತು ನೋಡಿದೆ. ಇಷ್ಟು ವರ್ಷ ಇದನ್ನು ಬೂಷ್ಟಿನ ಕಲೆ ಎಂದು ಬರೆಯುತ್ತಿದ್ದೆ ಟಿಪ್ಪಣಿ ಪುಸ್ತಕದಲ್ಲಿ. ಎಂಥ ಬಣ್ಣಗಳು.

ಎಂಬತ್ತನೇ ಹುಟ್ಟುಹಬ್ಬಕ್ಕೆಂದು ಇಟ್ಟುಕೊಂಡಿದ್ದರಂತೆ, ಇನ್ನು ಎರಡು ತಿಂಗಳಿತ್ತು. ಅವರು ಒಂದಷ್ಟು ಹೊತ್ತು ಗುಮ್ಮಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಸಿಪ್ಪೆ ನಿಮಗೆ, ಒಳಗಿನದು ನಮ್ಮಿಬ್ಬರಿಗೆ" ಎಂದರು. "ಆದ್ರೆ ಇಲ್ಲೇ ಕೂತು ತಿನ್ನಬೇಕು ತಾಯಿ. ಏನನ್ನ ಒರೆಸಿಹಾಕಿದ್ರಿ ಅಂತ ತಿಳ್ಕೊಂಡೇ ಹೋಗಿ."

ಗಡಿಯಾರ ರಿಪೇರಿಯ ಸಣ್ಣ ಅಲಗಿನಲ್ಲಿ ಸಿಪ್ಪೆಯನ್ನು ಎಳೆಎಳೆಯಾಗಿ ಹೆರೆದು ಕಾಗದದ ಮೇಲೆ ಹಾಕಿಕೊಟ್ಟರು. ಆಮೇಲೆ ಒಂದು ಗಂಟೆ ಕಾಯಿಸಿದರು. ತಣ್ಣಗಿರುವ ಚೀಸ್ ನಿದ್ದೆಯಲ್ಲಿರುತ್ತದೆ, ಎಬ್ಬಿಸಿ ಮಾತಾಡಿಸಬೇಕು ಎಂದರು. ಮರಸೇಬು ಹೆಚ್ಚಿದರು. ಮೊದಲ ತುತ್ತಿಗೆ ಯಾರೂ ಮಾತಾಡಬಾರದು ಎಂದು ನಿಯಮ ಮಾಡಿದರು.

ಗಟ್ಟಿಯಾಗಿತ್ತು, ಹಲ್ಲಿಗೆ ಸಿಕ್ಕಿ ಪುಡಿಯಾಯಿತು, ನಾಲಿಗೆಯ ಮೇಲೆ ಕರಗಿತು. ಹುರಿದ ಬೀಜ, ಒಣ ಅಣಬೆ, ಕಾಸಿದ ತುಪ್ಪದ ತಳ. ನುಂಗಿ ಎಷ್ಟು ಹೊತ್ತಾದರೂ ಬಾಯಿಂದ ಹೋಗಲಿಲ್ಲ. ಹಾಲು ಇಷ್ಟು ದೂರ ಬರಬಲ್ಲದು ಎಂದು ಗೊತ್ತಿರಲಿಲ್ಲ. ಎದುರಿಗೆ ಆ ಹಿರಿಯರು ಕಣ್ಣು ಮುಚ್ಚಿ ಕೂತಿದ್ದರು.

ಮನೆಗೆ ಬರುವಾಗ ಕಾಗದದ ಪೊಟ್ಟಣವನ್ನು ಕೂಸಿನ ಹಾಗೆ ಎದೆಗವಚಿ ತಂದೆ.

ಸೆಪ್ಟೆಂಬರ್ 28, ಭಾನುವಾರ

ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಸಿಪ್ಪೆಯನ್ನು ಅರೆದು ಬೆರೆಸಿದೆವು. ಹಲಗೆಗಳಿಗೆ ಬಳಿದೆ. ಶುಕ್ರವಾರ ಮಾಡಿಟ್ಟ ಇಪ್ಪತ್ತೆಂಟು ಹೊಸ ಚೀಸಿಗೂ ಬಳಿದೆ. ಕಾಗದ ಕೆಲಸದ ನನ್ನ ಅತ್ಯಂತ ಮೆತ್ತನೆಯ ಬ್ರಷ್ ತೆಗೆದೆ. ಹಳೆಯ ಶಾಯಿ ಅಲುಗದ ಹಾಗೆ ಆಡಿಸಿದ ಕೈ, ಇದಕ್ಕೂ ಬಂತು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ನಿನ್ನ ಕೈ ನನ್ನದಕ್ಕಿಂತ ಹಗುರ ಎಂದಳು.

ಸ್ಪಿರಿಟ್ ಬಾಟಲಿಯನ್ನು ಹಾಲಿನಾಕೆಗೆ ಕೊಟ್ಟು ಎಲ್ಲಾದರೂ ದೂರ ಇಡು ಎಂದೆ.

ಅಕ್ಟೋಬರ್ 5, ಭಾನುವಾರ

ಏನೂ ಇಲ್ಲ. ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ಸಂಜೆ ನೋಡಿದೆ. ಬಿತ್ತಿದ ಬೀಜವನ್ನು ದಿನಾ ಕೆದಕಿ ನೋಡುವವರುಂಟೇ ಎಂದು ಅಕ್ಕ ಗದರಿದಳು. ಅವಳೂ ನಾನಿಲ್ಲದಾಗ ಎರಡು ಸಲ ಇಳಿದು ನೋಡಿದ್ದಾಳೆ. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟು ಮರೆತಿದ್ದಳು.

ಅಕ್ಟೋಬರ್ 6, ಸೋಮವಾರ

ಏನೂ ಇಲ್ಲ.

ಅಕ್ಟೋಬರ್ 8, ಬುಧವಾರ

ಬಂತು.

ಮೂರನೇ ಹಲಗೆ, ಎಡದಿಂದ ಐದನೆಯದು. ಬರಿಗಣ್ಣಿಗೆ ಮಂಜು ಕವಿದ ಹಾಗಿತ್ತು. ಭೂತಗನ್ನಡಿ ಹಿಡಿದೆ. ಬಿಳಿ ಎಳೆಗಳು, ಒಂದೊಂದೂ ಗಾಜಿನ ದಾರ, ಒಂದರ ಹೆಗಲ ಮೇಲೆ ಇನ್ನೊಂದು ಕೈಹಾಕಿ ನಿಂತಿವೆ. ಕೆಲವುಗಳ ತುದಿಯಲ್ಲಿ ಮಣಿ. ಊದಿದರೆ ಗದ್ದೆಯ ಪೈರಿನಂತೆ ಬಾಗಿ ಏಳುತ್ತವೆ. ಮೂವತ್ತೊಂದು ವರ್ಷ ಇದೇ ಭೂತಗನ್ನಡಿಯಲ್ಲಿ ಇವನ್ನೇ ನೋಡಿದ್ದೆ, ಎಷ್ಟು ಬೇಗ ಕೊಲ್ಲಬಹುದೆಂದು ಅಳೆಯುವುದಕ್ಕೆ. ಇವು ಇಷ್ಟು ಚೆಲುವಾಗಿವೆ ಎಂದು ನನಗೆ ಒಬ್ಬರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ.

ಅಕ್ಕನನ್ನು ಕೂಗಿದೆ. ಅವಳು ಭೂತಗನ್ನಡಿ ತೆಗೆದುಕೊಳ್ಳಲಿಲ್ಲ, ಮೂಗು ತಂದಳು. ಉಸಿರೆಳೆದು ಹಾಗೇ ನಿಂತಳು. ನನ್ನ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಸಂಜೆಯ ಹೊತ್ತಿಗೆ ಹನ್ನೊಂದು ಚೀಸಿಗೆ ಹಬ್ಬಿತ್ತು.

ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಯಾವತ್ತು ಬಿಟ್ಟೆನೋ ನೆನಪಿಲ್ಲ.

ಅಕ್ಟೋಬರ್ 16, ಗುರುವಾರ

ಬೆಳಿಗ್ಗೆ ಎಂಟಕ್ಕೆ ಫೋನ್. ಅಕ್ಕನ ಮಗಳಿಗೆ ಹೆರಿಗೆ ನೋವು ಶುರುವಾಗಿದೆ, ವಾರ ಮುಂಚೆಯೇ. ಅಕ್ಕ ಹತ್ತು ನಿಮಿಷದಲ್ಲಿ ಚೀಲ ತುಂಬಿದಳು. ಹಾಲಿನಾಕೆ ಬಸ್ ನಿಲ್ದಾಣಕ್ಕೆ ಬಿಡಲು ಗಾಡಿ ತಂದು ನಿಲ್ಲಿಸಿದಳು. ಎರಡು ಸೀಟಿದೆ, ನೀನೂ ಬಾ, ಮೊದಲ ಮೊಮ್ಮಗು, ಅವಳು ಚಿಕ್ಕಮ್ಮ ಎಲ್ಲಿ ಎಂದು ಕೇಳುತ್ತಾಳೆ ಎಂದಳು ಅಕ್ಕ.

ನನಗೂ ಹೋಗಬೇಕೆಂದು ಎಷ್ಟಿತ್ತು. ಆದರೆ ಏಳಕ್ಕೇ ಹಾಲು ಕಾಯಿಸಿದ್ದೆ.

"ಹಾಲಿಗೆ ಹೆಪ್ಪು ಹಾಕಿಯಾಗಿದೆ ಅಕ್ಕ. ಹೇಗೆ ಬಿಟ್ಟು ಬರಲಿ? ಅಚ್ಚಿಗೆ ತುಂಬಿ ನಾಳೆ ಬರ್ತೀನಿ."

ಅಕ್ಕ ಚೀಲ ಹಿಡಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಚೀಲ ಕೆಳಗಿಟ್ಟು ಒಳಗೆ ಬಂದು ಎಡಗೈಯನ್ನು ನನ್ನ ತಲೆ ಮೇಲಿಟ್ಟಳು. ಏನು ಎಂದೆ. ಏನಿಲ್ಲ ಎಂದಳು. ಕಣ್ಣು ಕೆಂಪಾಗಿತ್ತು, ಮಗಳ ಚಿಂತೆ ಪಾಪ. ಬಸ್ಸು ತಪ್ಪುತ್ತದೆ ಎಂದು ನಾನೇ ಗದರಿಸಿ ಕಳಿಸಬೇಕಾಯಿತು.

ಗಡ್ಡೆ ಚೆನ್ನಾಗಿ ಕಟ್ಟಿತು. ಮೂವತ್ತು ಅಚ್ಚು ತುಂಬಿದೆ. ನಾಲ್ಕು ಗಂಟೆಗೆ ಫೋನ್ ಬಂತು: ಹೆಣ್ಣು ಮಗು, ತಾಯಿ ಮಗು ಆರೋಗ್ಯ. ಹಾಲೊಡಕಿನ ಕೈಯಲ್ಲೇ ಫೋನ್ ಹಿಡಿದಿದ್ದೆ.

ಅಕ್ಟೋಬರ್ 17, ಶುಕ್ರವಾರ

ಹೋಗಿ ಮಗು ನೋಡಿ ಬಂದೆ. ಮುಖವೆಲ್ಲ ಸುಕ್ಕು. ಅಜ್ಜಿಯ ಹಾಗಿದೆ ಎಂದೆ. ಯಾವ ಅಜ್ಜಿ ಎಂದು ಅಕ್ಕನ ಮಗಳು ಕೇಳಿದಳು. ನಾನೂ ಅಕ್ಕನೂ ನಕ್ಕಿದ್ದಕ್ಕೆ ನರ್ಸ್ ಬಂದು ಬೈದಳು.

ಮಗುಚುವುದಿತ್ತು, ಕೊನೆಯ ಬಸ್ಸಿಗೆ ವಾಪಸ್.

ಅಕ್ಟೋಬರ್ 25, ಶನಿವಾರ

ಅಕ್ಕ ಬಂದಳು. ಅಲ್ಲೇ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿಸಿಕೊಂಡಿದ್ದಾಳೆ. ಕೈ ಸೊರಗಿ ಕಡ್ಡಿಯಾಗಿದೆ, ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಬಂದವಳೇ ಕೋಣೆಗಿಳಿದು ಎಲ್ಲವನ್ನೂ ನೋಡಿದಳು. ಒಂದನ್ನು ಮಗುಚಲು ಹೋಗಿ ಕೈ ನಡುಗಿತು. ನಾನು ಕೆಳಗೆ ಕೈಯೊಡ್ಡಿದೆ. ಮಿಕ್ಕಿದ್ದನ್ನು ಹಾಗೇ ಮಾಡಿದೆವು, ನಾಲ್ಕು ಕೈಯಲ್ಲಿ. ಅವಳು ಇಲ್ಲದಾಗ ಬೇಗ ಮುಗಿಯುತ್ತಿತ್ತು. ಆದರೂ ಹೀಗೆ ಚೆನ್ನಾಗಿತ್ತು.

ನವೆಂಬರ್ 9, ಭಾನುವಾರ

ಹೊಸ ಅಜ್ಜಿಯರಿಗೆ ಆರು ವಾರ ತುಂಬಿತು. ಗಡಿಯಾರದವರನ್ನೂ ಹಾಲಿನಾಕೆಯನ್ನೂ ಊಟಕ್ಕೆ ಕರೆದೆವು. ಒಂದು ಗಂಟೆ ಮೊದಲೇ ಮೂರು ಅಜ್ಜಿಯರನ್ನು ಮೇಜಿನ ಮೇಲೆ ಎಬ್ಬಿಸಿ ಕೂರಿಸಿದ್ದೆ. ರೊಟ್ಟಿ, ಮರಸೇಬು, ಜೇನು, ಹುರಿದ ಬೀಜ. ನಡುವೆ ಉಳಿದ ನೀಲಿ ಚೀಸ್. ಕಿಟಕಿಯಿಂದ ಬಿಸಿಲು ಬಿದ್ದು ಬಿಳಿ ತುಪ್ಪಳ ಮಖಮಲ್ಲಿನ ಹಾಗೆ ಹೊಳೆಯುತ್ತಿತ್ತು.

ಕತ್ತರಿಸು ಎಂದು ಅಕ್ಕ ಚಾಕು ನನ್ನ ಕಡೆ ತಳ್ಳಿದಳು. ಸಿಪ್ಪೆ ಮೆತ್ತಗೆ ಬಿರಿಯಿತು. ಸಿಪ್ಪೆಯಡಿ ಕೆನೆ ನಿಧಾನವಾಗಿ ಹೊರಗೆ ಜಾರಿ ಬಂತು. ನಡುವೆ ಇನ್ನೂ ಮಾಗದ ಬಿಳಿ ತಿರುಳು, ತೆಳ್ಳಗೆ. ಹಾಲಿನಾಕೆ ನೋಡಿಯೇ "ನಮ್ಮ ಹಸುಗಳಿಗೆ ಇದನ್ನ ತೋರಿಸಬೇಕು" ಎಂದಳು.

ಮೊದಲ ತುತ್ತಿಗೆ ಮಾತಿಲ್ಲ ಎಂದು ನಿಯಮವಿತ್ತಲ್ಲ. ನಾನು ತಿನ್ನದೆ ಅವರ ಮುಖಗಳನ್ನೇ ನೋಡುತ್ತಿದ್ದೆ. ಗಡಿಯಾರದವರು ಕಣ್ಣು ಮುಚ್ಚಿದರು, ತೆರೆದರು, ಅಕ್ಕನ ಕಡೆ ನೋಡಿದರು. ಇದು ಮೊದಲಿನದಲ್ಲ ಎಂದು ಅವರಿಗೆ ತಿಳಿದಿತ್ತು. ನನಗೂ ತಿಳಿಯಿತು. ಅಕ್ಕ ತುಂಬ ಹೊತ್ತು ಅಗಿದಳು.

"ನನ್ನ ಅಜ್ಜಿ ಅಲ್ಲ ಇದು" ಎಂದಳು.

ನಾನು ಚಾಕು ಕೆಳಗಿಟ್ಟೆ.

"ನನ್ನದು ಬಾಯಿಗೆ ಹಾಕಿದ ಕೂಡಲೇ ಗದರಿಸೋದು. ಇದು ಪಕ್ಕದಲ್ಲಿ ಕೂತು ಕತೆ ಹೇಳುತ್ತೆ." ಇನ್ನೊಂದು ತುಂಡಿಗೆ ಕೈ ಹಾಕಿದಳು. "ಇರಲಿ. ಇಷ್ಟು ವರ್ಷ ಗದರಿಸಿದ್ದು ಸಾಕು."

ಆಮೇಲೆ ತಿಂದೆ. ಅಣಬೆ, ಕಾದ ಹಾಲಿನ ಕೆನೆ, ಆಮೇಲೆ ಎಲ್ಲಿಂದಲೋ ಹುರಿದ ಬೀಜ, ಕೊನೆಗೆ ಹಲಗೆಯ ಮರದ ವಾಸನೆ. ಚೆನ್ನಾಗಿತ್ತು. ನಾನೇ ಹೇಳಬಾರದು, ತುಂಬ ಚೆನ್ನಾಗಿತ್ತು. ಮೂರನ್ನೂ ನಾಲ್ಕೇ ಜನ ಮುಗಿಸಿದೆವು. ಗಡಿಯಾರದವರಿಗೆ ಹುಟ್ಟುಹಬ್ಬಕ್ಕೆ ಒಂದು ಕಟ್ಟಿಕೊಟ್ಟೆ. ಬೇಡ ಎನ್ನಲಿಲ್ಲ.

ನವೆಂಬರ್ 10, ಸೋಮವಾರ

ಅಂಗಡಿಗೆ ಹನ್ನೆರಡು ಅಜ್ಜಿ ಹೋದವು. ಬಾಡಿಗೆ ಮನೆ ಇನ್ನೂ ಬೇಕೇ ಎಂದು ನಮ್ಮೂರಿನ ಮನೆ ಮಾಲೀಕರು ಫೋನ್ ಮಾಡಿ ಕೇಳಿದರು. ಎರಡು ತಿಂಗಳಿಂದ ದೀಪವೇ ಉರಿದಿಲ್ಲ, ಖಾಲಿ ಮಾಡಿದಿರಾ ಎಂದು ಅನುಮಾನವಂತೆ. ಮಗುಚುತ್ತಿದ್ದೆ, ಆಮೇಲೆ ಮಾತಾಡುತ್ತೇನೆ ಎಂದೆ. ಮರೆತೆ.

ಸಂಜೆ ಹಾಲಿನಾಕೆ ಫೋನ್ ಮಾಡಿದಳು, ನಾಳೆಗೆ ಎಷ್ಟು ತರಲಿ ಎಂದು. ಅಕ್ಕ ಫೋನನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿದಳು. ಒಬ್ಬರ ಕೈಗೆ ನಲವತ್ತು ಲೀಟರೇ ಹೆಚ್ಚು. ಎಂಬತ್ತಾದರೆ ಇಬ್ಬರು ಬೇಕು, ಅದೂ ಒಂದು ದಿನಕ್ಕಲ್ಲ, ಮಾಗಿ ಮುಗಿಯುವ ಆರು ವಾರವೂ.

"ನಲವತ್ತು ಹೇಳಲಾ, ಎಂಬತ್ತು ಹೇಳಲಾ?"

ಮೇಲಿನ ಎರಡು ಹಲಗೆ ಖಾಲಿಯಿವೆ, ಹಾಗೆ ಬಿಟ್ಟರೆ ಒಣಗುತ್ತವೆ. ಎಂಬತ್ತು ಎಂದೆ.

ಅಕ್ಕ ಫೋನಿಗೆ ಎಂಬತ್ತು ಎಂದಳು. ಆ ಕಡೆಯಿಂದ ಹಾಲಿನಾಕೆ ಏನು ಕೇಳಿದಳೋ ಗೊತ್ತಿಲ್ಲ.

"ತಂಗಿ ಇದ್ದಾಳೆ" ಎಂದಳು ಅಕ್ಕ.